ಗೆರೆಯಿಲ್ಲದ ಕಡಲು


*ಇಂದಿನ ಧಮ್ಮ ಚಿಂತನೆ*

ಶಾಲಾ ಪ್ರವಾಸದಲ್ಲಿ ಮಲ್ಪೆ ನೋಡಿ ಬಂದ ಮಕ್ಕಳಿಗೆ ಪ್ರವಾಸ ಕಥನ ಬರೆದು, ಜೊತೆಗೊಂದು ಚಿತ್ರ ಬಿಡಿಸಿ ತರಲು ಹೇಳಿದ್ದೆ. ನಮ್ಮ ಕೋಲಾರದ ಮಕ್ಕಳು ಕೆರೆ ನೋಡಿ ಬೆಳೆದವರು. ಕಡಲು ಕಂಡದ್ದು ಅದೇ ಮೊದಲು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಜಲವರ್ಣದಲ್ಲಿ ಸಂಜೆಯ ಕಡಲನ್ನು ಬಿಡಿಸಿದ್ದಳು. ಬಣ್ಣವೆಲ್ಲ ನೀರು ನೀರಾಗಿ ಹರಡಿತ್ತು. ಆಕಾಶದ ಕೆಂಪು ನೀರಿನ ನೀಲಿಗೆ ಇಳಿದು ನಡುವೆ ನೇರಳೆಯಾಗಿತ್ತು.

"ದಿಗಂತ ಎಲ್ಲಮ್ಮ?" ಎಂದು ಕೇಳಿ, ಸ್ಕೇಲ್ ಇಟ್ಟು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದುಬಿಟ್ಟೆ. ನೀರಿನ ನಡುವಿನ ಬಿಳಿ ಜಾಗ ತೋರಿಸಿ, "ಇಲ್ಲಿ ಬಣ್ಣ ಹಚ್ಚೋದು ಮರೆತಿದ್ದೀಯ" ಎಂದೆ.

"ಅದು ಬಿಸಿಲು ಮಿಸ್. ಅಲ್ಲಿ ಗೆರೆ ಇರ್ಲಿಲ್ಲ ಮಿಸ್" ಎಂದಳು ತಲೆ ತಗ್ಗಿಸಿ.

ಆಮೇಲೆ ಚಿತ್ರಕಲಾ ಮೇಷ್ಟ್ರು ಬಿಡಿಸಿ ಹೇಳಿದರು: ಜಲವರ್ಣದಲ್ಲಿ ಬೆಳಕನ್ನು ಬಣ್ಣ ಹಚ್ಚಿ ತರುವುದಿಲ್ಲ, ಕಾಗದದ ಬಿಳುಪನ್ನೇ ಉಳಿಸಿಕೊಳ್ಳಬೇಕು. ಕಾಗದ ಒದ್ದೆಯಿರುವಾಗ ಎರಡು ಬಣ್ಣ ತಾಗಿದರೆ ಒಂದರೊಳಗೊಂದು ಹರಿಯುತ್ತವೆ. ಒಣಗಿದ ಮೇಲೆ ಹಚ್ಚಿದರೆ ಗಡಿ ನಿಲ್ಲುತ್ತದೆ.

ಅಂದು ಸಂಜೆ ನಮ್ಮ ಬಳಗದಲ್ಲಿ ಓದಿದ್ದು ಅಂಗುತ್ತರ ನಿಕಾಯದ ಪಹಾರಾದ ಸುತ್ತ. ಅದರಲ್ಲಿ ಭಗವಾನರು ಧಮ್ಮವನ್ನು ಕಡಲಿನ ಎಂಟು ಗುಣಗಳಿಗೆ ಹೋಲಿಸುತ್ತಾರೆ. ಗಂಗೆ, ಯಮುನೆಯಂಥ ನದಿಗಳು ಕಡಲು ಸೇರಿ ತಮ್ಮ ಹೆಸರು ಕಳೆದುಕೊಳ್ಳುವಂತೆ, ನಾಲ್ಕೂ ವರ್ಣದವರು ಸಂಘ ಸೇರಿ ಹಿಂದಿನ ಹೆಸರು, ಕುಲ ಬಿಡುತ್ತಾರೆ. ಬಾಬಾಸಾಹೇಬರು 1956ರ ಅಕ್ಟೋಬರ್ 15ರ ನಾಗಪುರದ ಭಾಷಣದಲ್ಲಿ ನೆನೆದದ್ದೂ ಈ ಹೋಲಿಕೆಯನ್ನೇ. ನಮ್ಮ ಬೇತಮಂಗಲದ ಪಾಲಾರ್ ಕೂಡ ವಯಲೂರಿನ ಬಳಿ ಬಂಗಾಳಕೊಲ್ಲಿ ಸೇರಿದರೆ ಪಾಲಾರ್ ಆಗಿ ಉಳಿಯುವುದಿಲ್ಲ.

ಓದುತ್ತಿದ್ದಂತೆ ನನ್ನ ಗಂಟಲು ಕಟ್ಟಿತು. ಮುಳಬಾಗಿಲು ಕಡೆಯ ನಮ್ಮೂರ ಕೆರೆಗೂ ಒಂದು ಕಾಲಕ್ಕೆ ಕಾಣದ ಗೆರೆಯಿತ್ತು. ಯಾರು ಯಾವ ಕಡೆ ನೀರು ಮುಟ್ಟಬೇಕೆಂದು ಎಲ್ಲರಿಗೂ ಗೊತ್ತಿತ್ತು. ನಮ್ಮಪ್ಪ ಆ ಗೆರೆಯ ಈಚೆ ನಿಂತವರು. ಅವರ ಮಗಳಾದ ನಾನೇ, ಗೆರೆಯಿಲ್ಲದ ನೀರನ್ನು ಕಂಡು ತಪ್ಪೆಂದು ತಿದ್ದಿದೆ! ಕಂಡದ್ದನ್ನು ಕಂಡಂತೆ ನೋಡಿದವಳು ಆ ಹುಡುಗಿ. ನಾನು ನೋಡಿದ್ದು ನನ್ನ ತಲೆಯೊಳಗಿನ ಕಡಲನ್ನು.

ಮರುದಿನ ತರಗತಿಯಲ್ಲೇ ಅವಳಲ್ಲಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಮಿಸ್" ಎಂದಳು. ಕೆಂಪು ಗೆರೆ ಮಾತ್ರ ಹಾಗೇ ಇದೆ.

*ಇಂದಿನ ಅಭ್ಯಾಸ:* ಸಂಜೆ ಐದು ನಿಮಿಷ ಕೆರೆಯನ್ನೋ ಆಕಾಶವನ್ನೋ ನೋಡಿ. ಬಣ್ಣಕ್ಕೆ ಹೆಸರಿಡುವ ಮೊದಲು ಬಣ್ಣವನ್ನು ನೋಡಿ. ಮನಸ್ಸು ಎಲ್ಲಿ ಗೆರೆ ಎಳೆಯುತ್ತದೆ, ಗಮನಿಸಿ. ನಾಳೆ ಮನುಷ್ಯರನ್ನು ನೋಡುವಾಗಲೂ ಹಾಗೆಯೇ.

ಸಾಧು ಸಾಧು ಸಾಧು 🙏