ಸ್ವರ್ಗದ ಕಾಳು: ಸಾರಿಗೆ ಹಾಕಿದರೆ ಒಂದು, ಮಾತ್ರೆ ಮಾಡಿದರೆ ಇನ್ನೊಂದು



ತೂಕ ಇಳಿಸುವ ಮಾತ್ರೆ, ಪುಡಿಗಳನ್ನು ಮಾರುವವರು ಹೇಳುವ ಮಾತು ಒಂದೇ: "ಇದು ಗಿಡಮೂಲಿಕೆಯದ್ದು, ಏನೂ ಆಗೋದಿಲ್ಲ." ಈ ಮಾತು ಎಷ್ಟು ನಿಜ? ಇಂಥ ಮಾತ್ರೆಗಳಲ್ಲಿ ಬಳಸುವ ಒಂದೇ ಒಂದು ವಸ್ತುವನ್ನು ಹಿಡಿದು ನೋಡೋಣ. ಇಂಗ್ಲಿಷಿನಲ್ಲಿ ಅದಕ್ಕೆ 'ಗ್ರೇನ್ಸ್ ಆಫ್ ಪ್ಯಾರಡೈಸ್' ಎನ್ನುತ್ತಾರೆ, ಅಂದರೆ ಸ್ವರ್ಗದ ಕಾಳು.

ಇದು ಪಶ್ಚಿಮ ಆಫ್ರಿಕಾದ ಸಾಂಬಾರ ಪದಾರ್ಥ. ಘಾನಾ, ನೈಜೀರಿಯಾ, ಲೈಬೀರಿಯಾ ಕಡೆ ಬೆಳೆಯುತ್ತದೆ. ನಮ್ಮ ಶುಂಠಿ, ಏಲಕ್ಕಿಯ ಕುಟುಂಬಕ್ಕೇ ಸೇರಿದ ಗಿಡ. ಕಾಯಿಯೊಳಗೆ ಕಂದು ಬಣ್ಣದ ಸಣ್ಣ ಬೀಜಗಳು. ಬಾಯಿಗೆ ಹಾಕಿದರೆ ಕಾಳುಮೆಣಸಿನ ಖಾರ, ಏಲಕ್ಕಿಯ ಪರಿಮಳ. ಅಲ್ಲಿಯ ತಾಯಂದಿರು ಇದನ್ನು ಕುಟ್ಟಿ ಸಾರಿಗೆ ಹಾಕ್ತಾರೆ. ನಾವು ಬಂದವರಿಗೆ ಎಲೆ ಅಡಿಕೆ ಕೊಡುವ ಹಾಗೆ ನೈಜೀರಿಯಾದಲ್ಲಿ ಕೋಲಾ ಕಾಯಿಯ ಜೊತೆ ಈ ಜಾತಿಯ ಕಾಳನ್ನು ಅತಿಥಿಗಳ ಮುಂದಿಡುವ ರೂಢಿ ಉಂಟು. ಯೊರುಬಾ ಜನರು ಮಗುವಿಗೆ ಹೆಸರಿಡುವ ದಿನವೂ ಇದನ್ನು ಬಳಸ್ತಾರೆ.

ಹಿಂದೆ ಯುರೋಪಿನ ಅಡುಗೆಮನೆಗಳಲ್ಲಿ ಕಾಳುಮೆಣಸಿನ ಬದಲಿಗೆ ಇದನ್ನೇ ಹಾಕುತ್ತಿದ್ದರು. ಲೈಬೀರಿಯಾದ ತೀರಕ್ಕೆ 'ಮೆಣಸಿನ ಕರಾವಳಿ' ಎಂಬ ಹೆಸರೇ ಬಂದಿತ್ತು. 1498ರಲ್ಲಿ ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದ ಮೇಲೆ ನಮ್ಮ ಕಡೆಯ ಕರಿಮೆಣಸು ಹಡಗಿನಲ್ಲಿ ಅಲ್ಲಿಗೆ ಹೋಗತೊಡಗಿತು. ಕ್ರಮೇಣ ಈ ಕಾಳನ್ನು ಕೇಳುವವರು ಕಡಿಮೆಯಾದರು. ಸ್ವರ್ಗದಿಂದ ಬಂದದ್ದು ಅಂತ ಹೇಳಿ ವ್ಯಾಪಾರಿಗಳು ಬೆಲೆ ಏರಿಸುತ್ತಿದ್ದರಂತೆ. ಮಾರುವವರ ಬಾಯಿ ಆಗಲೂ ಹಾಗೇ!

ಈಗ ಇದರ ಸತ್ವ ತೆಗೆದು ಮಾತ್ರೆ ಮಾಡಿ ಬೊಜ್ಜು ಕರಗಿಸಲು ಮಾರುತ್ತಾರೆ. ಇದು ಪೂರ್ತಿ ಸುಳ್ಳು ಎಂದು ಹೇಳುವ ಹಾಗಿಲ್ಲ. ನಮ್ಮ ಮೈಯಲ್ಲಿ ಸಾಮಾನ್ಯ ಕೊಬ್ಬಿನ ಜೊತೆ 'ಕಂದು ಕೊಬ್ಬು' ಎಂಬುದೂ ಇದೆ. ಅದು ಉರಿದು ಮೈಗೆ ಶಾಖ ಕೊಡುತ್ತದೆ. ಎಳೆಮಕ್ಕಳಲ್ಲಿ ಹೆಚ್ಚು, ದೊಡ್ಡವರಲ್ಲಿ ಕುತ್ತಿಗೆ ಮತ್ತು ಹೆಗಲೆಲುಬಿನ ಹತ್ತಿರ ಸ್ವಲ್ಪ ಮಾತ್ರ. ಈ ಕಾಳಿನ ಖಾರದ ಅಂಶ ಕಂದು ಕೊಬ್ಬನ್ನು ಎಬ್ಬಿಸುತ್ತದೆ ಎಂದು ಜಪಾನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಆದರೆ ಪರೀಕ್ಷೆಗೆ ಇದ್ದವರು 19 ಮಂದಿ ಆರೋಗ್ಯವಂತ ಗಂಡಸರು. ಅವರಲ್ಲಿಯೂ ಕಂದು ಕೊಬ್ಬು ಚುರುಕಾಗಿದ್ದವರಿಗೆ ಮಾತ್ರ ಪರಿಣಾಮ ಕಂಡಿತು. ನಂತರ 19 ಯುವತಿಯರಿಗೆ ನಾಲ್ಕು ವಾರ ಕೊಟ್ಟು ನೋಡಿದಾಗ ಹೊಟ್ಟೆಯೊಳಗಿನ ಕೊಬ್ಬು ಸ್ವಲ್ಪ ಇಳಿಯಿತು. ಆ ಯುವತಿಯರಿಗೆ ಬೊಜ್ಜೇ ಇರಲಿಲ್ಲ!

ಎರಡು ಮಕ್ಕಳ ತಾಯಿ, ಸಕ್ಕರೆ ಕಾಯಿಲೆ ಇರುವವರು, ಬಿ.ಪಿ. ಮಾತ್ರೆ ನುಂಗುವವರು, ಬಸುರಿಯರು, ಹಾಲೂಡಿಸುವವರು – ಇವರಿಗೆ ಏನಾಗಬಹುದು ಎಂಬುದಕ್ಕೆ ಈ ಪರೀಕ್ಷೆಗಳಲ್ಲಿ ಉತ್ತರ ಇಲ್ಲ. ಇಲಿಗಳಿಗೆ ಇದರ ಸತ್ವವನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ರಕ್ತದ ಸಕ್ಕರೆ ಇಳಿಯಿತು, ಯಕೃತ್ತಿನ (ಲಿವರಿನ) ತೂಕ ಏರಿತು. ಮನುಷ್ಯರಿಗೂ ಹಾಗೇ ಆಗುತ್ತದೆ ಅಂತಲ್ಲ. ಆದರೆ ಸಕ್ಕರೆ ಇಳಿಸುವ ಮಾತ್ರೆಯ ಮೇಲೆ ಇದನ್ನೂ ನುಂಗುವವರು ಡಾಕ್ಟರಿಗೆ ಹೇಳದೆ ಇರಬಾರದು. ತಲೆಸುತ್ತು, ಬೆವರು, ಕೈನಡುಕ ಬಂದರೆ ಸಕ್ಕರೆ ಇಳಿದಿರಬಹುದು. ಕೂಡಲೇ ಸಕ್ಕರೆ ನೀರು ಕುಡಿದು ಆಸ್ಪತ್ರೆಗೆ ಹೋಗಬೇಕು.

ಕುಟ್ಟಿ ಸಾರಿಗೆ ಹಾಕಿದ ನಾಲ್ಕು ಕಾಳು ಬೇರೆ, ಸತ್ವ ತೆಗೆದು ದಿನಾ ನುಂಗುವುದು ಬೇರೆ. ಶುಂಠಿ, ಮೆಣಸಿಗೂ ಇದೇ ಮಾತು.

ಇನ್ನೊಂದು ಅಪಾಯ ಡಬ್ಬಿಯೊಳಗೆ ಅಡಗಿರುತ್ತದೆ. 'ಗಿಡಮೂಲಿಕೆ' ಎಂದು ಬರೆದ ಕೆಲವು ತೂಕ ಇಳಿಸುವ ಮಾತ್ರೆಗಳಲ್ಲಿ ಸಿಬುಟ್ರಾಮಿನ್ ಎಂಬ ರಾಸಾಯನಿಕವನ್ನು ಕದ್ದು ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಹೃದಯಾಘಾತ, ಪಾರ್ಶ್ವವಾಯುವಿನ ಭಯದಿಂದ ಭಾರತ ಸರ್ಕಾರ 2011ರಲ್ಲಿ ಅದರ ಮಾರಾಟ ನಿಲ್ಲಿಸಿತು. ಆದ್ದರಿಂದ ಡಬ್ಬಿ ಕೈಗೆ ಬಂದರೆ ಮೊದಲು ಚೀಟಿ ಓದಿ. ಎಫ್‌ಎಸ್‌ಎಸ್‌ಎಐ ಗುರುತು ಮತ್ತು 14 ಅಂಕೆಗಳ ಲೈಸೆನ್ಸ್ ಸಂಖ್ಯೆ ಇರಬೇಕು. 'ನಾಟ್ ಫಾರ್ ಮೆಡಿಸಿನಲ್ ಯೂಸ್', ಅಂದರೆ ಔಷಧಿಯಾಗಿ ಬಳಸಬಾರದು ಎಂದೂ ಬರೆದಿರಬೇಕು. ಡಬ್ಬಿಯ ಮೇಲೆ ಹೀಗೆ ಬರೆದು ಬಾಯಲ್ಲಿ ಕಾಯಿಲೆ ವಾಸಿಯಾಗ್ತದೆ ಅಂದರೆ ಯಾವುದನ್ನು ನಂಬುವುದು? ಅಷ್ಟೆಲ್ಲ ಇದ್ದರೂ ನಿಮ್ಮ ಮೈಗೆ ಅದು ಹೊಂದುತ್ತದೆ ಎಂಬ ಖಾತರಿ ಇಲ್ಲ.

ಸಭೆಯಲ್ಲಿ ಚರ್ಚಿಸಿರಿ:

ನಮ್ಮ ಸದಸ್ಯೆಯರಲ್ಲಿ ಇಂಥ ಮಾತ್ರೆ ತೆಗೆದುಕೊಳ್ಳುವವರು ಯಾರಾದರೂ ಇದ್ದಾರೆಯೇ? ಇದ್ದರೆ ಡಬ್ಬಿಯನ್ನೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಂಡೊಯ್ದು ಡಾಕ್ಟರಿಗೆ ತೋರಿಸಲು ಅವರ ಜೊತೆ ಯಾರು ಹೋಗ್ತೀರಿ?

ಇಂಥ ಡಬ್ಬಿ ಕೊಳ್ಳಲು ಅಥವಾ ಮಾರಾಟದ ಸರಪಳಿಗೆ ಸೇರಲು ಸಂಘದ ಉಳಿತಾಯದಿಂದ ಸಾಲ ಕೇಳಿದರೆ ನಮ್ಮ ತೀರ್ಮಾನ ಏನು? ನಿರ್ಣಯ ಪುಸ್ತಕದಲ್ಲಿ ಬರೆದಿಡಿ.