ದಾರಿ ಹೇಳಿ ಹೋಗಿ

ಮಕ್ಕಳೇ, ಮಳೆಗಾಲದ ಶನಿವಾರ ಬಂತೆಂದರೆ ನಿಮ್ಮ ಗಾಡಿಗಳು ಘಟ್ಟದ ಕಡೆ ಮುಖ ಮಾಡುತ್ತವೆ. ಆಗುಂಬೆ, ಚಾರ್ಮಾಡಿ ಸಾಲದೆ ಎಸ್ಟೇಟಿನ ಒಳದಾರಿ, ಕಾಡಂಚಿನ ಜೀಪುರಸ್ತೆಗಳನ್ನೂ ಹುಡುಕಿಕೊಂಡು ಹೋಗುತ್ತೀರಿ. ಹೋಗಬೇಡಿ ಎನ್ನಲಾರೆ, ನಮ್ಮ ನಾಡನ್ನು ನೀವಲ್ಲದೆ ಇನ್ಯಾರು ನೋಡಬೇಕು? ಹೊರಡುವ ಮುನ್ನ ಒಂದು ಕೆಲಸ ಮಾತ್ರ ಮಾಡಿ. ಯಾವ ದಾರಿ ಹಿಡಿಯುತ್ತೀರಿ, ಎಷ್ಟು ಹೊತ್ತಿಗೆ ತಲುಪುತ್ತೀರಿ ಎಂಬುದನ್ನು ಮನೆಯಲ್ಲಿ ಒಬ್ಬರಿಗೆ ಹೇಳಿ. ಅಷ್ಟರೊಳಗೆ ಫೋನು ಬಾರದಿದ್ದರೆ ತುರ್ತು ಸಂಖ್ಯೆ 112ಕ್ಕೆ ತಿಳಿಸಬೇಕೆಂದೂ ಹೇಳಿ. ನಡುವೆ ದಾರಿ ಬದಲಿಸಿದಿರೋ, ಸಿಗ್ನಲ್ ಇರುವಲ್ಲೇ ನಿಂತು ಅದನ್ನೂ ತಿಳಿಸಿ.

ಹಿಡಿದ ದಾರಿ ಯಾರಿಗೂ ತಿಳಿಯದಿದ್ದರೆ ಏನಾಗುತ್ತದೆ, ಕೇಳಿ. 2006ರ ನವೆಂಬರಿನಲ್ಲಿ ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಜೇಮ್ಸ್ ಕಿಮ್ ಎಂಬ ಪತ್ರಕರ್ತ ಹೆಂಡತಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳೊಡನೆ ಕಾರಿನಲ್ಲಿ ಕರಾವಳಿಯತ್ತ ಹೊರಟಿದ್ದರು. ಹೆದ್ದಾರಿಯ ತಿರುವು ತಪ್ಪಿತು. ಬೆಟ್ಟದ ದಾರಿ ಹಿಡಿದವರು ಹಿಮದಲ್ಲಿ ಸಿಕ್ಕಿಬಿದ್ದರು. ಇಂಧನ ಇರುವತನಕ ಎಂಜಿನ್ನಿನ ಬಿಸಿ, ಆಮೇಲೆ ಸುಟ್ಟ ಟೈರಿನ ಬೆಂಕಿ. ವಾರ ಕಾದರೂ ಯಾರೂ ಬರಲಿಲ್ಲ; ನೆರವು ತರುತ್ತೇನೆಂದು ಕಿಮ್ ನಡೆದು ಹೊರಟರು. ಎರಡು ದಿನದ ಮೇಲೆ ಕಾರಿನ ಬಳಿಯಿದ್ದ ತಾಯಿ ಮಕ್ಕಳು ಹೆಲಿಕಾಪ್ಟರಿನವರ ಕಣ್ಣಿಗೆ ಬಿದ್ದು ಬದುಕಿದರು. ಕಿಮ್ ಚಳಿಗೆ ಸಿಕ್ಕಿ ತೀರಿಕೊಂಡರು. ಅವರನ್ನು ದೂರಲಾರೆ, ಮಕ್ಕಳು ಹಸಿದಿರುವಾಗ ತಂದೆಯಾದವನು ಹೇಗೆ ಸುಮ್ಮನೆ ಕೂತಾನು? ಹುಡುಕುವವರಿಗೆ ಅವರು ಹಿಡಿದ ದಾರಿಯೇ ಗೊತ್ತಿರಲಿಲ್ಲ. ಅವರ ಫೋನು ಕ್ಷಣಕಾಲ ಟವರಿಗೆ ಸಿಕ್ಕಿದ್ದೇ ಹುಡುಕಾಟಕ್ಕೆ ಆಸರೆಯಾಯಿತು.

ಕಾರಿನ ಬಳಿ ಉಳಿದವರೇ ಬದುಕಿದರಲ್ಲ, ಆದ್ದರಿಂದ ಸಿಕ್ಕಿಬಿದ್ದಾಗ ಗಾಡಿ ಬಿಟ್ಟು ದೂರ ಹೋಗಬೇಡಿ. ಕಾಡಿನಲ್ಲಿ ಮನುಷ್ಯನಿಗಿಂತ ಗಾಡಿ ಬೇಗ ಕಾಣುತ್ತದೆ. ಮಳೆಗೆ ಸೂರೂ ಆಗುತ್ತದೆ. ಗುಡ್ಡ ಜಾರುವಂತಿದ್ದರೆ, ನೀರು ಏರುತ್ತಿದ್ದರೆ ಮಾತ್ರ ಗಾಡಿಯ ಆಸೆ ಬಿಟ್ಟು ಸುರಕ್ಷಿತ ಎತ್ತರಕ್ಕೆ ಹೋಗಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಜನ ಸತ್ತದ್ದನ್ನು ಮರೆಯಬೇಡಿ. ಜೋರು ಮಳೆಯಲ್ಲಿ, ಕಡಿದ ಗುಡ್ಡದ ಬುಡದಲ್ಲಿ ಚಹಾಕ್ಕೆಂದೂ ನಿಲ್ಲಬೇಡಿ. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಹಿಂದಿರುಗಿ: ಒಂದಡಿ ನೀರು ಸಣ್ಣ ಕಾರನ್ನು ತೇಲಿಸುತ್ತದೆ, ಎರಡಡಿ ನೀರು ಹೆಚ್ಚಿನ ಗಾಡಿಗಳನ್ನು ಕೊಚ್ಚಿಕೊಂಡು ಹೋಗುತ್ತದೆ.

ಜೊತೆಗಿರಲಿ: ತಲೆಗೆ ನಾಲ್ಕು ಲೀಟರ್ ನೀರು, ಒಣ ತಿಂಡಿ, ಕಂಬಳಿ, ಟಾರ್ಚು, ಸೀಟಿ, ಹಗ್ಗ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಪವರ್ ಬ್ಯಾಂಕು, ಕಾಗದದ ನಕ್ಷೆ. ಸ್ಟೆಪ್ನಿಯಲ್ಲಿ ಗಾಳಿಯಿದೆಯೇ ನೋಡಿ. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ 112 ಒತ್ತಿ ನೋಡಿ. ಬೇರೆ ಕಂಪನಿಯ ಟವರಿನಿಂದ ಕರೆ ಹೋಗಬಹುದು. ಮಾತು ಹೋಗದ ಕಡೆ ಮೆಸೇಜು ಹೋಗುವುದುಂಟು. ವಿದೇಶದ ನೆಂಟರು ಕೊಟ್ಟ ಸ್ಯಾಟಲೈಟ್ ಫೋನನ್ನು ಮಾತ್ರ ಒಯ್ಯಬೇಡಿ. ನಮ್ಮ ದೇಶದಲ್ಲಿ ಅನುಮತಿಯಿಲ್ಲದೆ ಅದನ್ನು ಬಳಸುವುದು ಅಪರಾಧ.

ಇಷ್ಟೆಲ್ಲ ಮಾಡಿ ಕೊನೆಯದನ್ನು ಮರೆಯಬೇಡಿ. ಊರು ಸೇರಿದೊಡನೆ "ತಲುಪಿದೆವು" ಎಂದು ಮನೆಗೆ ತಿಳಿಸಿ, ಪ್ರತಿ ಸಲವೂ ತಿಳಿಸಿ. ಮರೆಯುವುದೇ ನಿಮ್ಮ ರೂಢಿಯಾದರೆ, ನಿಜಕ್ಕೂ ಆಪತ್ತು ಬಂದ ದಿನ ಮನೆಯವರು "ಮರೆತಿರಬೇಕು, ನಾಳೆ ಮಾಡುತ್ತಾರೆ" ಎಂದು ಮಲಗಿಬಿಡುತ್ತಾರೆ.