ಗೇರ್‌ಬಾಕ್ಸಿಗೂ ಒಂದು ಆರ್‌ಡಿ

ಬಸವನಗುಡಿಯಲ್ಲಿ ಆಟೋಮ್ಯಾಟಿಕ್ ಕಾರು ಇಟ್ಟುಕೊಂಡವರು ಇಎಂಐ ಎಷ್ಟು, ಇನ್ಶೂರೆನ್ಸ್ ಎಷ್ಟು ಅಂದರೆ ಥಟ್ಟನೆ ಹೇಳುತ್ತಾರೆ. ಗೇರ್‌ಬಾಕ್ಸ್ ಆಯಿಲ್ ಯಾವಾಗ ಬದಲಿಸಿದಿರಿ ಅಂದರೆ, “ಅದನ್ನೂ ಬದಲಿಸಬೇಕಾ?” ಎಂಬ ಮರುಪ್ರಶ್ನೆ ಬರುತ್ತದೆ. ನನಗೂ ಕಾರು ಮಾರಿದವರು ಹೇಳಿದ್ದು ಹಾಗೆಯೇ: ಗಾಡಿ ಇರುವವರೆಗೂ ಆ ಆಯಿಲ್ ಮುಟ್ಟುವುದೇ ಬೇಡ. ಕೈಪಿಡಿ ತೆಗೆದು ನೋಡಿದರೆ, ಕಠಿಣ ಬಳಕೆಯ ಗಾಡಿಗಳಿಗೆಂದು ಬೇರೆಯೇ ಒಂದು ಸಾಲು ಇತ್ತು.

ನಮ್ಮ ಬಳಕೆ ಕಠಿಣವೇ. ಸಂಜೆ ಹೊತ್ತು ಮಿನರ್ವ ಸರ್ಕಲ್‌ನಿಂದ ಟೌನ್‌ಹಾಲ್‌ವರೆಗೆ ಹೋಗಿ ನೋಡಿ. ಮೀಟರಿನಲ್ಲಿ ಕಿಲೋಮೀಟರ್ ಏರುವುದೇ ಇಲ್ಲ, ಆದರೆ ಡಿ ಗೇರಿನಲ್ಲಿ ಬ್ರೇಕ್ ತುಳಿದು ನಿಂತಷ್ಟು ಹೊತ್ತೂ ಟಾರ್ಕ್ ಕನ್ವರ್ಟರ್ ಒಳಗೆ ಆಯಿಲ್ ಕಲಕಿ ಬಿಸಿಯಾಗುತ್ತಲೇ ಇರುತ್ತದೆ. ಆಯಿಲ್‌ನ ಆಯಸ್ಸು ತಿನ್ನುವುದು ಈ ಬಿಸಿಯೇ. ಹೊಸದರಲ್ಲಿ ಸಾಮಾನ್ಯವಾಗಿ ಕೆಂಪಗಿರುವ ಅದು ಕಂದಾಗುತ್ತದೆ, ಕೊನೆಗೆ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತದೆ.

ಚಾಮರಾಜಪೇಟೆಯ ಗ್ಯಾರೇಜಿನಲ್ಲಿ ನನ್ನ ಗಾಡಿಯ ಕೆಲಸ ಮಾಡಿಸುವಾಗ ಪಕ್ಕದಲ್ಲೇ ನಿಂತಿದ್ದೆ. ಮೆಕ್ಯಾನಿಕ್ ಆಯಿಲ್ ಪ್ಯಾನ್ ಬಿಚ್ಚಿ ತಲೆಕೆಳಗು ಮಾಡಿದರು. ತಳದ ಅಯಸ್ಕಾಂತಗಳಿಗೆ ಬೂದು ಬಣ್ಣದ ಪೇಸ್ಟ್ ದಪ್ಪವಾಗಿ ಮೆತ್ತಿತ್ತು. ಬೆರಳಲ್ಲಿ ತೆಗೆದು ಉಜ್ಜಿ ತೋರಿಸಿದರು: “ಹೀಗೆ ನುಣ್ಣಗಿದ್ರೆ ಸವೆದ ಪುಡಿ ಅಷ್ಟೇ ಸಾರ್, ಭಯ ಇಲ್ಲ. ಚೂರು ಸಿಕ್ರೆ ಮಾತ್ರ ಕಷ್ಟ.” ಫಿಲ್ಟರ್, ಗ್ಯಾಸ್ಕೆಟ್ ಎರಡೂ ಹೊಸದು ಹಾಕಿದರು. ಒಂದು ಸಲ ಇಳಿಸಿದರೆ ಒಳಗಿನ ಆಯಿಲ್ ಪೂರ್ತಿ ಬರುವುದಿಲ್ಲ, ಕನ್ವರ್ಟರಿನಲ್ಲಿ ಬಹಳಷ್ಟು ಉಳಿದಿರುತ್ತದೆ. ಹಾಗಾಗಿ ಸ್ವಲ್ಪ ದಿನ ಓಡಿಸಿ ಮತ್ತೊಮ್ಮೆ ಇಳಿಸಿ ತುಂಬಿಸಿದೆ. ಎಲ್ಲ ಸೇರಿ 14 ಸಾವಿರದ ಆಸುಪಾಸು ಆಯಿತು. ನನ್ನ ಸಂಬಂಧಿಕರೊಬ್ಬರ ಗೇರ್‌ಬಾಕ್ಸ್ ಕೆಟ್ಟಾಗ ಬಂದ ಎಸ್ಟಿಮೇಟ್ ಲಕ್ಷ ದಾಟಿತ್ತು.

ಇಲ್ಲಿ ಉಳಿತಾಯ ಮಾಡಬಾರದ ಜಾಗ ಒಂದಿದೆ, ಅದು ಆಯಿಲ್. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಎಲ್ಲ ದರದ ಡಬ್ಬಗಳೂ ಸಿಗುತ್ತವೆ, ಆದರೆ ಕೈಪಿಡಿ ಹೇಳಿದ ದರ್ಜೆಯದೇ ಬೇಕು. ಸಿವಿಟಿ ಗಾಡಿಗೆ ಸಿವಿಟಿ ಆಯಿಲ್ಲೇ ಆಗಬೇಕು. ಸೆಲೆರಿಯೊ ತರಹದ ಎಎಂಟಿ ಕಾರಿನೊಳಗೆ ಇರುವುದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ಚು ಗೇರು ಬದಲಿಸುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಅದಕ್ಕೆ ಈ ಕೆಂಪು ಆಯಿಲ್ಲಿನ ಬಿಲ್ ಹಾಕಿದರೆ ಒಪ್ಪಬೇಡಿ. ಎಷ್ಟೋ ಗಾಡಿಗಳಲ್ಲಿ ಆಯಿಲ್ ನಿಗದಿತ ಬಿಸಿಗೆ ಬಂದಾಗಲೇ ಲೆವೆಲ್ ನೋಡಬೇಕು, ಬಿಸಿ ಅಳೆಯಲು ಸ್ಕ್ಯಾನರ್ ಇಲ್ಲದ ಗ್ಯಾರೇಜಿಗೆ ಅಂಥ ಗಾಡಿ ಕೊಡಬೇಡಿ. ಪಾರ್ಟ್ ನಂಬರ್ ಇರುವ ಬಿಲ್ ಕೇಳಿ ಪಡೆಯಿರಿ. ಬಿಡಿಭಾಗಗಳ ಮೇಲೆ 28% ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18%ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನೂ ನೋಡಿ.

ಕಲಾಸಿಪಾಳ್ಯದ ಲಾರಿಗಳಲ್ಲಿ ಹೆಚ್ಚಿನವು ಕೈಗೇರಿನವು. ಆದರೂ ಅಲ್ಲಿನ ಮಾಲೀಕರ ಶಿಸ್ತು ನನಗೆ ಬಹಳ ಹಿಡಿಸಿದೆ. ಗಾಡಿ ನಿಂತರೆ ಅವತ್ತಿನ ಬಾಡಿಗೆ ಹೋಯಿತು, ಅದಕ್ಕೇ ಯಾವ ಆಯಿಲ್ ಎಷ್ಟು ಕಿಲೋಮೀಟರಿಗೆ ಎಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಮನೆ ಕಾರಿಗೂ ಅಂಥದೊಂದು ಲೆಕ್ಕ ಬೇಕು.

ನಾನು ತಿಂಗಳಿಗೆ 500 ರೂಪಾಯಿಯ ಆರ್‌ಡಿ ಇದಕ್ಕೆಂದೇ ಕಟ್ಟುತ್ತಿದ್ದೇನೆ. ಮೂರು ವರ್ಷಕ್ಕೆ ಅಸಲೇ 18,000 ಆಗುತ್ತದೆ. ಅಂಚೆ ಕಚೇರಿಯ ಆರ್‌ಡಿ ಅವಧಿ 5 ವರ್ಷ, 3 ವರ್ಷದ ನಂತರ ಮುಚ್ಚಬಹುದಾದರೂ ಸಿಗುವುದು ಉಳಿತಾಯ ಖಾತೆಯ ಬಡ್ಡಿಯಷ್ಟೇ. ಆದ್ದರಿಂದ ಈ ಕೆಲಸಕ್ಕೆ ಅವಧಿಯನ್ನು ನಾವೇ ಆರಿಸಿಕೊಳ್ಳಬಹುದಾದ ಬ್ಯಾಂಕ್ ಆರ್‌ಡಿ ಮೇಲು. ಮುಂದಿನ ಸರ್ವೀಸಿಗೆ ಗಾಡಿ ಬಿಡುವ ಮೊದಲು ಕೈಪಿಡಿಯಲ್ಲಿ ಆ ಕಠಿಣ ಬಳಕೆಯ ಸಾಲನ್ನು ಹುಡುಕಿ ಓದಿ, ಅಲ್ಲಿರುವ ಕಿಲೋಮೀಟರನ್ನು ನಿಮ್ಮ ಮೀಟರಿನ ಜೊತೆ ಹೋಲಿಸಿ ನೋಡಿ.